ಲಕ್ವಾ ಹೊಡೆದ ಕೈಗೆ ಕರೆಂಟಿನ ಚಿಕಿತ್ಸೆ



ಬೀಜ ಗೊಬ್ಬರದ ಮಾತು ಹೇಳುವ ಗ್ರಾಮಸೇವಕನಿಗೆ ಲಕ್ವಾದ ಮಾತೇಕೆ ಎಂದು ನೀವು ಕೇಳಬಹುದು. ಚಿಕ್ಕೋಡಿ, ರಾಯಬಾಗದ ಕಬ್ಬು ಕಡಿಯುವ ಕೈ ಒಮ್ಮೆಲೇ ಬಿದ್ದುಹೋದರೆ ಒಳ್ಳೆಯ ಬೀಜವಿದ್ದೂ ಫಲವೇನು? ಮೇಲಾಗಿ "ತಲೆಗೆ ಕರೆಂಟು ಕೊಟ್ಟರೆ ಕೈ ಏಳುತ್ತದಂತೆ, ಎಮ್ಮೆ ಮಾರಿಯಾದರೂ ಕೊಡಿಸೋಣವೇ?" ಎಂಬ ಪ್ರಶ್ನೆ ಹಳ್ಳಿಗಳಲ್ಲಿ ಕೇಳಿಬರುತ್ತಿದೆ. ಎಮ್ಮೆ ಮಾರುವ ಮೊದಲು ಇದನ್ನು ಕೇಳಿರಿ.

ಲಕ್ವಾ ಹೊಡೆದಾಗ ಕೆಡುವುದು ಕೈಯಲ್ಲ, ಮೆದುಳು. ಮೆದುಳಿಗೆ ರಕ್ತ ಒಯ್ಯುವ ನಾಳ ಕಟ್ಟುತ್ತದೆ, ಇಲ್ಲವೆ ಒಡೆಯುತ್ತದೆ. ಆ ಭಾಗ ನೀರಿಲ್ಲದ ಪೈರಿನಂತೆ ಒಣಗುತ್ತದೆ. ಎಡ ಮೆದುಳು ಬಲಗೈಯನ್ನೂ, ಬಲ ಮೆದುಳು ಎಡಗೈಯನ್ನೂ ಆಡಿಸುತ್ತದೆ. ಇವೆರಡೂ ಒಂದೇ ನೊಗದ ಎತ್ತುಗಳಿದ್ದಂತೆ. ಒಂದು ಕುಂಟಿದರೆ ಇನ್ನೊಂದು ತಾನೇ ಮುಂದೆ ಎಳೆದು, ಕುಂಟಿದ್ದಕ್ಕೆ ಹೆಜ್ಜೆಯಿಡಲು ಆಸ್ಪದ ಕೊಡುವುದಿಲ್ಲ. ಮೆದುಳಿನಲ್ಲೂ ಹೀಗೇ ಆಗುತ್ತಿರಬೇಕೆಂದು ತಜ್ಞರು ಊಹಿಸಿದರು. ಕುಂಟಿದ ಎತ್ತನ್ನು ಎಬ್ಬಿಸಬೇಕು, ಇಲ್ಲವೆ ಜೋರಿನ ಎತ್ತನ್ನು ತಡೆಯಬೇಕು. ಕರೆಂಟಿನ ಚಿಕಿತ್ಸೆಯ ಮೂಲ ವಿಚಾರ ಇಷ್ಟೇ.

ಇದರಲ್ಲಿ ತಲೆ ಕೊಯ್ಯುವುದಿಲ್ಲ, ಸೂಜಿ ಚುಚ್ಚುವುದಿಲ್ಲ. ಒಂದು ಬಗೆಯಲ್ಲಿ, ಉಪ್ಪುನೀರಿನಲ್ಲಿ ನೆನೆಸಿದ ಎರಡು ಸ್ಪಂಜುಗಳನ್ನು ತಲೆಯ ಮೇಲಿಟ್ಟು 1 ಅಥವಾ 2 ಮಿಲಿಆಂಪಿಯರ್ ಕರೆಂಟನ್ನು ಸುಮಾರು 20 ನಿಮಿಷ ಹರಿಸುತ್ತಾರೆ. ತುಸು ತುರಿಕೆಯಾಗಬಹುದು. ಇದರಿಂದ ಮೆದುಳನ್ನು ಚುರುಕು ಮಾಡಬಹುದು, ಮಂದವೂ ಮಾಡಬಹುದು ಎಂದು ಜರ್ಮನಿಯಲ್ಲಿ ನಿಟ್ಶೆ ಮತ್ತು ಪೌಲುಸ್ 2000ರಲ್ಲಿ ತೋರಿಸಿದರು. ಇನ್ನೊಂದು ಬಗೆಯಲ್ಲಿ ತಂತಿಯ ಸುರುಳಿಯನ್ನು ತಲೆಯ ಹತ್ತಿರ ಹಿಡಿದು ಅಯಸ್ಕಾಂತ ಶಕ್ತಿಯ ಮಿಡಿತ ಕೊಡುತ್ತಾರೆ. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಆಂಥೊನಿ ಬಾರ್ಕರ್ ಮತ್ತು ಸಂಗಡಿಗರು ಹೀಗೆ ಮಾಡಿದಾಗ ಕೈ ತಾನಾಗಿ ಅದುರಿತು. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಈ ಎರಡೂ ಬಗೆಗಳು ಬಳಕೆಯಲ್ಲಿವೆ, ಹೆಚ್ಚಾಗಿ ಮನೋರೋಗಗಳಿಗೆ.

ಹಾಗಾದರೆ ಬಿದ್ದ ಕೈ ಏಳುತ್ತದೆಯೇ? ಹೊಸ ಗೊಬ್ಬರವನ್ನು ನಾವು ಹೇಗೆ ಪರೀಕ್ಷಿಸುತ್ತೇವೆ? ಅರ್ಧ ಹೊಲಕ್ಕೆ ಹಾಕಿ, ಅರ್ಧ ಬಿಟ್ಟು, ರಾಶಿ ಮಾಡಿದಾಗ ತೂಗುತ್ತೇವೆ. ಅಮೇರಿಕೆಯಲ್ಲಿ 199 ರೋಗಿಗಳ ಮೇಲೆ ಅಯಸ್ಕಾಂತದ ಚಿಕಿತ್ಸೆಯನ್ನು ಹೀಗೆಯೇ ತೂಗಿದರು. ಕೆಲವರಿಗೆ ನಿಜವಾದ ಮಿಡಿತ, ಕೆಲವರಿಗೆ ಬರೀ ಸೋಗು. ಕೈಯ ಅಭ್ಯಾಸ ಮಾತ್ರ ಎಲ್ಲರಿಗೂ. 2018ರಲ್ಲಿ ಬಂದ ಫಲಿತಾಂಶ ನೋಡಿರಿ: ಆರು ತಿಂಗಳ ಮೇಲೆ ನಿಜವಾದ ಗುಂಪಿನಲ್ಲಿ ನೂರಕ್ಕೆ 67 ಜನ, ಸೋಗಿನ ಗುಂಪಿನಲ್ಲಿ 65 ಜನ ಸುಧಾರಿಸಿದ್ದರು. ಸ್ಪಂಜಿನ ಕರೆಂಟನ್ನು 129 ಜನರ ಮೇಲೆ ತೂಗಿದ ಫಲಿತಾಂಶ 2025ರಲ್ಲಿ ಬಂತು. ಅಲ್ಲಿಯೂ ಅಭ್ಯಾಸಕ್ಕಿಂತ ಹೆಚ್ಚಿನ ಗುಣ ಕಾಣಲಿಲ್ಲ. ಸಣ್ಣ ಪರೀಕ್ಷೆಗಳಲ್ಲಿ ಗುಣ ಕಂಡದ್ದುಂಟು, ಸಂಶೋಧನೆ ನಿಂತಿಲ್ಲ. ಆದರೆ ಇಂದಿನ ಲೆಕ್ಕದಲ್ಲಿ ಇದಕ್ಕಾಗಿ ಎಮ್ಮೆ ಮಾರುವುದು ಬೇಡವೆಂದೇ ನನ್ನ ಅಭಿಪ್ರಾಯ. ಬ್ಯಾಟರಿಯನ್ನೋ, ಬೇಲಿಯ ಝಟಕಾ ಯಂತ್ರವನ್ನೋ ತಲೆಗೆ ಹಚ್ಚಿ ನೋಡುವ ಸಾಹಸವಂತೂ ಸರ್ವಥಾ ಕೂಡದು.

ಕೈಯ ಅಭ್ಯಾಸವನ್ನು ಬಿಡಬೇಡಿರಿ. ವ್ಯಾಯಾಮ ಚಿಕಿತ್ಸಕರು ಕಲಿಸಿಕೊಟ್ಟದ್ದನ್ನು ಮನೆಯಲ್ಲಿ ದಿನಾಲು ಮಾಡಿಸಿರಿ. ಚರಿಗೆ ಹಿಡಿದು ಎತ್ತುವುದು, ಶೇಂಗಾ ಸುಲಿಯುವುದು, ಅಂಗಿಯ ಗುಂಡಿ ಹಾಕುವುದು, ಇವೆಲ್ಲ ಕೈಗೆ ಕೆಲಸವೇ. ಕೆಲವರಿಗೆ ನೆಟ್ಟಗಿರುವ ಕೈಗೆ ಚೀಲ ತೊಡಿಸಿ, ಸೋತ ಕೈಯಿಂದಲೇ ಕೆಲಸ ಮಾಡಿಸುವುದುಂಟು. ಆದರೆ ರೋಗಿಯನ್ನು ಎಬ್ಬಿಸುವಾಗ ಸೋತ ಕೈ ಹಿಡಿದು ಜಗ್ಗಬೇಡಿರಿ. ಹೆಗಲ ಕೀಲು ಸಡಿಲಾಗುತ್ತದೆ. ಪ್ರೀತಿಯಿಂದ ಜಗ್ಗಿದರೂ ಅಷ್ಟೇ!

ನಿಪ್ಪಾಣಿ ಭಾಗದವರಿಗೆ ರುಚಿಸದ ಮಾತೊಂದನ್ನು ಹೇಳಲೇಬೇಕು. ತಂಬಾಕು ಬೆಳೆಯುವುದು ಬೇರೆ, ಬೀಡಿ ಸೇದುವುದು ಬೇರೆ. ಬೀಡಿ ಮತ್ತು ರಕ್ತದೊತ್ತಡ ಎರಡೂ ಲಕ್ವಾಕ್ಕೆ ದಾರಿ.

ಬಾಯಿ ಸೊಟ್ಟಗಾದರೆ, ಒಂದು ಕೈ ಬಿದ್ದರೆ, ಮಾತು ತೊದಲಿದರೆ ಎಣ್ಣೆ ತಿಕ್ಕುತ್ತ ಕೂಡ್ರಬೇಡಿರಿ. 108ಕ್ಕೆ ಕರೆ ಮಾಡಿ, ತಲೆಯ ಸ್ಕ್ಯಾನ್ ಇರುವ ಆಸ್ಪತ್ರೆಗೆ ಒಯ್ಯಿರಿ. ಕಾಗವಾಡ, ಅಥಣಿಯವರಿಗೆ ಮಿರಜ ಹತ್ತಿರ, ನಿಪ್ಪಾಣಿಯವರಿಗೆ ಕೊಲ್ಹಾಪುರ. ನಾಳ ಕಟ್ಟಿದ್ದರೆ ಗಂಟು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೇ ಕೊಡಬೇಕು. ಕೈ ಬಿದ್ದದ್ದು ಎಷ್ಟು ಗಂಟೆಗೆ ಎಂದು ವೈದ್ಯರು ಕೇಳುತ್ತಾರೆ. ಮನೆಯವರಲ್ಲಿ ಒಬ್ಬರು ಆ ವೇಳೆಯನ್ನು ಚೀಟಿಯಲ್ಲಿ ಬರೆದುಕೊಂಡು ಸಂಗಡ ಹೋಗಿರಿ.