ಅವ್ವ ದುಡಿಯಲು ಹೋದಾಗ ಓದುವ ಪುಸ್ತಕ



ಚಿಂಚೋಳಿ ತಾಲೂಕಿನ ಚಿಮ್ಮನಚೋಡ ಮುಲ್ಲಾಮಾರಿ ನದಿ ದಂಡೆಯ ಊರು. ಈ ಸೀಮೆಯ ಹಳ್ಳಿ, ತಾಂಡಾಗಳಿಂದ ಎಷ್ಟೋ ಮಂದಿ ಮುಂಬೈ, ಪುಣೆ, ಹೈದರಾಬಾದಿಗೆ ದುಡಿಯಲು ಹೋಗುತ್ತಾರೆ. ಮಕ್ಕಳು ಆಯಿ, ಮುತ್ಯಾರ ಹತ್ತಿರ ಉಳಿಯುತ್ತಾರೆ. ‘ಅವ್ವ ಯಾವಾಗ ಬರ್ತಾಳ?’ ಎಂದು ಮೊಮ್ಮಗಳು ಕೇಳಿದರೆ, ‘ತೊಗರಿ ರಾಶಿ ಹೊತ್ತಿಗೆ ಬರ್ತಾಳ, ನೀ ಉಣ್ಣು’ ಎನ್ನುತ್ತಾ ಆಯಿ ಜೋಳದ ರೊಟ್ಟಿ ಮುರಿದು ಹಾಲಿಗೆ ಹಾಕುತ್ತಾಳೆ.

ಇಂಥ ಮಗುವಿನ ಕೈಗೆ ನಾವು ಕೊಡುವುದೇನು? ನರಿ, ಕಾಗೆಯ ಕತೆ, ಕೊನೆಗೊಂದು ನೀತಿ. ಹತ್ತು ಹನ್ನೆರಡರ ವಯಸ್ಸಿಗೆ ಅದು ಸಾಲದು. ಆ ವಯಸ್ಸಿನವರಿಗೆಂದೇ ಕನ್ನಡದಲ್ಲಿ ಕಾದಂಬರಿಗಳಿವೆ. ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’ 2011ರಲ್ಲಿ, ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’ 2021ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಪಡೆದವು. ಶರಾವತಿ ಅಣೆಕಟ್ಟಿನ ನೀರಿಗೆ ಊರು, ಮನೆ ಬಿಟ್ಟುಕೊಟ್ಟವರ ಸಂಕಟವನ್ನು ಡಿಸೋಜರು ಜೀವಮಾನವಿಡೀ ಬರೆದರು. ಮಳೆಗಾಲದಲ್ಲಿ ಮುಲ್ಲಾಮಾರಿ ಉಕ್ಕುವುದನ್ನು ಕಂಡ ಮಗುವಿಗೆ ಅದೇನು ಪರದೇಶದ ಕತೆಯಲ್ಲ.

ಕಷ್ಟದ ಕತೆ ಓದಿದರೆ ಮಕ್ಕಳು ಕುಗ್ಗುತ್ತಾರೆ ಎನ್ನುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಮನೆಯಲ್ಲಿ ಕಂಡದ್ದು ಪುಸ್ತಕದಲ್ಲಿ ಎಲ್ಲೂ ಕಾಣದಿದ್ದರೆ, ಇದು ನನಗೊಬ್ಬಳಿಗೇ ಬಂದ ಗತಿ ಎಂದುಕೊಳ್ಳುತ್ತದೆ ಮಗು. ಕುಗ್ಗುವುದು ಆಗ.

ಇಂಥ ಪುಸ್ತಕ ಕೈಗೆ ಸಿಗಲು ದಾರಿಯಿದೆ. ರಾಜ್ಯ ಸರ್ಕಾರದ ‘ಓದುವ ಬೆಳಕು’ ಅಭಿಯಾನದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯದ ಸದಸ್ಯತ್ವ ಉಚಿತ. ಸಂಜೆ ಮಕ್ಕಳನ್ನು ಕರೆದುಕೊಂಡು ಹೋಗಿ, ಈ ಎರಡು ಪುಸ್ತಕ ಇವೆಯೇ ಎಂದು ಕೇಳಿ. ಇಲ್ಲವೆಂದರೆ ಬೇಡಿಕೆ ಪಟ್ಟಿಯಲ್ಲಿ ಬರೆಸಿ ಬನ್ನಿ.