ಹುಡುಗ ಒಗೆದ ಪುಸ್ತಕ

(ಬನಹಟ್ಟಿಯಲ್ಲಿ ನೇಕಾರರ ಮತ್ತು ಸಣ್ಣ ವ್ಯಾಪಾರಸ್ಥರ ಸಭೆಯಲ್ಲಿ ಆಡಿದ ಮಾತು)



ಹೋದ ವಾರ ನಮ್ಮ ಓಣಿಯ ಹುಡುಗನೊಬ್ಬ ಶಾಲೆಯ ಇತಿಹಾಸದ ಪುಸ್ತಕವನ್ನು ನನ್ನ ಕಟ್ಟೆಯ ಮೇಲೆ ಒಗೆದು, "ಕಾಕಾ, ಇದನ್ನ ನೀವ ಓದ್ರಿ. ನಾ ನಾಳಿಂದ ಮಗ್ಗದ ಕೆಲಸಕ್ಕ ಹೋಗ್ತೀನಿ" ಎಂದ. ಅವನ ತಂದೆ ಪಾವರಲೂಮಿನ ಮುಂದೆ ನಿಂತು ನಿಂತು ಕಿವಿ ಮಂದ ಮಾಡಿಕೊಂಡವ. ಮಗನಾದರೂ ಆ ಸದ್ದಿನಿಂದ ಪಾರಾಗಲೆಂದು ಶಾಲೆಗೆ ಕಳಿಸಿದ್ದಾನೆ. ಆದ್ದರಿಂದ ಹುಡುಗನ ಮಾತನ್ನು ನಾನು ನಕ್ಕು ಬಿಡಲಿಲ್ಲ.

ಪುಸ್ತಕ ತೆರೆದೆ. 1857ರ ಪಾಠ. ಒಂದೊಂದು ವಾಕ್ಯ ಐದೈದು ಸಾಲು. ನಿಶ್ಶಸ್ತ್ರೀಕರಣ, ಅಧಿನಿಯಮ, ಅನುಷ್ಠಾನ ಎಂದು ಶಬ್ದಗಳ ಮುಳ್ಳುಬೇಲಿ. ಮೂರು ಸಲ ಓದಿದ ಮೇಲೆ ನನಗೆ ಹೊಳೆಯಿತು: ಅಯ್ಯೋ, ಇದು ನಮ್ಮ ಹಲಗಲಿಯ ಕಥೆ!

ಹಲಗಲಿ ಇದೇ ಮುಧೋಳ ತಾಲೂಕಿನ ಊರು. ಜನರ ಆಯುಧಗಳನ್ನು ಕಸಿದುಕೊಳ್ಳಲು ಕುಂಪಣಿ ಸರಕಾರ ಕಾಯಿದೆ ತಂದಿತು. ಬೇಟೆಯಾಡಿ ಬದುಕಿದ ಬೇಡರಿಗೆ ಆಯುಧವೆಂದರೆ ನೇಕಾರನಿಗೆ ಮಗ್ಗವಿದ್ದಂತೆ. ಕೊಡಲೊಲ್ಲೆವೆಂದರು. 1857ರ ನವೆಂಬರ ಕೊನೆಗೆ ದಂಡು ಬಂದು ಊರಿಗೆ ಬೆಂಕಿ ಇಟ್ಟಿತು. ಡಿಸೆಂಬರದಲ್ಲಿ 19 ಜನರನ್ನು ಗಲ್ಲಿಗೇರಿಸಿದರು. 13 ಜನರನ್ನು ಮುಧೋಳದಲ್ಲಿ, 6 ಜನರನ್ನು ಹಲಗಲಿಯಲ್ಲಿಯೇ.

ಇಷ್ಟು ಹೇಳುವಷ್ಟರಲ್ಲಿ ಹುಡುಗ ಹತ್ತಿರ ಸರಿದು ಕೂತಿದ್ದ. "ಇದ ಹಲಗಲಿ ಏನ್ರಿ? ನಮ್ಮ ಚಿಗವ್ವನ ತವರ ಅಲ್ಲೇ ಐತಿ" ಎಂದ.

ನೋಡಿರಿ, ಚಿಗವ್ವನ ತವರೂರಿನ ಸುದ್ದಿಯನ್ನು ಅವನಿಗೆ ಗುರುತೇ ಸಿಗದಂತೆ ಬರೆದಿದ್ದಾರೆ! ಅಂಗಡಿಕಾರರು ಇಲ್ಲಿದ್ದೀರಿ. ಸಾಲಗಾರನಿಗೆ ಓದಲು ಬಾರದಂತೆ ಕೀರ್ದಿ ಬರೆದವನನ್ನು ನೀವು ಪಂಡಿತನೆನ್ನುವಿರೋ, ಸಂಶಯಪಡುವಿರೋ? ಓದುಬರಹ ಬಾರದ ಜನ ಈ ಕಥೆಯನ್ನು ಲಾವಣಿ ಕಟ್ಟಿ ಹಾಡಿದರು. ಅದನ್ನು ಕೇಳಿ ಬರೆದುಕೊಂಡು ಅಚ್ಚು ಹಾಕಿಸಿದವ ಫ್ಲೀಟ್ ಎಂಬ ಇಂಗ್ರಜ ಅಧಿಕಾರಿ. ಅವನಿಗೆ ತಿಳಿದದ್ದು ನಮ್ಮ ಹುಡುಗನಿಗೆ ತಿಳಿಯಬಾರದೇ?

ಹಾಗೆಂದು ಪುಸ್ತಕ ಒಗೆಯುವುದನ್ನು ನಾನು ಮೆಚ್ಚುವವನಲ್ಲ. ಲಾವಣಿ ಕೆಚ್ಚನ್ನು ಹೇಳುತ್ತದೆ. ಯಾವ ಕಾಯಿದೆ, ಯಾರ ಹುಕುಮು, ಯಾವ ತಾರೀಖು ಎಂಬುದಕ್ಕೆ ಕಾಗದಪತ್ರವೇ ಬೇಕು. ಇಂದು ಕೂಲಿಯ ಕರಾರು, ತೆರಿಗೆಯ ನೋಟೀಸು ಬರುವುದೂ ಇದೇ ಬಿರುಸು ಭಾಷೆಯಲ್ಲಿ. ಅದನ್ನು ಬಿಡಿಸಿ ಓದಲು ಬಾರದಿದ್ದರೆ ಹೆಬ್ಬೆಟ್ಟು ಒತ್ತುವವರು ನಾವೇ.

ಹುಡುಗನಿಗೆ ಸೋಮವಾರ ಪರೀಕ್ಷೆ. ಇನ್ನೂ ನಾಲ್ಕು ಪಾಠ ಉಳಿದಿವೆ. ನನಗೆ ಎರಡು ತಿಳಿದಿಲ್ಲ. ನಿಮ್ಮಲ್ಲಿ ಹತ್ತನೆಯ ಇಯತ್ತೆ ದಾಟಿದವರು ಯಾರಾದರೂ ಇದ್ದರೆ ರವಿವಾರ ಸಂಜೆ ನಮ್ಮ ಕಟ್ಟೆಗೆ ಬನ್ನಿರಿ. ಚಹಾ ನನ್ನದು.