ಟ್ರ್ಯಾಕ್ಟರಿಗೆ ತಕ್ಕ ಜಂಪ್ ಸ್ಟಾರ್ಟರ್



ಮುಂಗಾರಿನ ಮೊದಲ ಹದ ಮಳೆ ಬಿದ್ದಿದೆ ಎನ್ನಿ. ಬೇಸಗೆಯೆಲ್ಲ ನಿಂತೇ ಇದ್ದ ಟ್ರ್ಯಾಕ್ಟರಿನ ಕೀಲಿ ತಿರುಗಿಸುತ್ತೀರಿ. 'ಕಟ್, ಕಟ್' ಅನ್ನುತ್ತೆ, ಇಂಜಿನು ತಿರುಗೋದಿಲ್ಲ. ಬ್ಯಾಟರಿ ಇಳಿದಿದೆ. ಹದ ನಮಗಾಗಿ ಕಾದೀತೆ?

ಇಂಥ ಹೊತ್ತಿಗೆಂದೇ ಕೈಯಲ್ಲಿ ಹಿಡಿದೊಯ್ಯುವ ಜಂಪ್ ಸ್ಟಾರ್ಟರ್ ಪೆಟ್ಟಿಗೆಗಳು ಪೇಟೆಗೆ ಬಂದಿವೆ. ಒಳಗೆ ಲಿಥಿಯಂ ಬ್ಯಾಟರಿ, ಹೊರಗೆ ಕೆಂಪು ಮತ್ತು ಕಪ್ಪು ಕ್ಲಿಪ್ಪು. ಆದರೆ ಸಣ್ಣ ಕಾರಿಗೆ ಸಾಕಾಗುವ ಪೆಟ್ಟಿಗೆ ಟ್ರ್ಯಾಕ್ಟರಿಗೆ ಸಾಲದು. ಡೀಸೆಲ್ ಇಂಜಿನಿನಲ್ಲಿ ಕಿಡಿ ಹಾರಿಸುವ ಪ್ಲಗ್ಗಿಲ್ಲ. ಗಾಳಿಯನ್ನು ಸುಮಾರು 16ರಿಂದ 20 ಪಟ್ಟು ಒತ್ತಿ, ಆ ಕಾವಿನಿಂದಲೇ ಎಣ್ಣೆ ಹೊತ್ತಬೇಕು. ಅಷ್ಟು ಒತ್ತಿ ತಿರುಗಿಸಲು ಸೆಲ್ಫ್ ಮೋಟಾರಿಗೆ ನೂರಾರು ಆಂಪಿಯರ್ ಕರೆಂಟು ಬೇಕು.

ಕೊಳ್ಳುವಾಗ ಮೊದಲು ವೋಲ್ಟ್ ನೋಡಿ. ನಮ್ಮ ಸಾಮಾನ್ಯ ಟ್ರ್ಯಾಕ್ಟರುಗಳು 12 ವೋಲ್ಟಿನವು. ದೊಡ್ಡ ಲಾರಿ, ಬಸ್ಸುಗಳಲ್ಲಿ ಎರಡು ಬ್ಯಾಟರಿ ಜೋಡಿಸಿ 24 ವೋಲ್ಟ್ ಮಾಡಿರುತ್ತಾರೆ. ಕಬ್ಬಿನ ಲಾರಿಯವರಿಂದ ಎರವಲು ತಂದ 24ರ ಪೆಟ್ಟಿಗೆಯನ್ನು ಟ್ರ್ಯಾಕ್ಟರಿಗೆ ಹಚ್ಚಿದರೆ ವೈರಿಂಗು ಸುಟ್ಟೀತು.

ಬಳಿಕ ಆಂಪಿಯರ್. ಇಲ್ಲಿಯೇ ನಮ್ಮವರು ಮೋಸ ಹೋಗುವುದು. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ '2000 ಆಂಪಿಯರ್ ಪೀಕ್' ಎಂದಿರುತ್ತದೆ. ಪೀಕ್ ಎಂದರೆ ಕಣ್ಣುಮಿಟುಕಿಸುವಷ್ಟು ಹೊತ್ತು ಬರುವ ಕರೆಂಟು. ನಮಗೆ ಬೇಕಾದುದು ಕೆಲವು ಸೆಕೆಂಡು ನಿಲ್ಲುವ ಕರೆಂಟು; ಅದನ್ನು ಸ್ಟಾರ್ಟಿಂಗ್ ಅಥವಾ ಕ್ರ್ಯಾಂಕಿಂಗ್ ಆಂಪಿಯರ್ ಎಂದು ಸಣ್ಣಕ್ಷರದಲ್ಲಿ ಹಾಕಿರುತ್ತಾರೆ. ಅದನ್ನೇ ಕೇಳಿ. ಎಷ್ಟು ಲೀಟರ್ ಇಂಜಿನಿಗೆ ಆದೀತೆಂದೂ ಬರೆದಿರುತ್ತದೆ. ಪೆಟ್ರೋಲಿನ ಅಂಕಿ ದೊಡ್ಡದು, ಡೀಸೆಲಿನದು ಚಿಕ್ಕದು. ನೀವು ಡೀಸೆಲಿನ ಅಂಕಿ ಓದಿ, ಟ್ರ್ಯಾಕ್ಟರಿನ ಪುಸ್ತಕದಲ್ಲಿರುವ ಸಿಸಿಗೆ ಹೋಲಿಸಿ. 1000 ಸಿಸಿ ಎಂದರೆ ಒಂದು ಲೀಟರು. ಸರಿಸಮ ಸಾಲದು, ಸ್ವಲ್ಪ ಮಿಗಿಲೇ ಇರಲಿ.

'20,000 ಎಂಎಎಚ್' ಎಂಬ ಅಂಕಿಗೂ ಮರುಳಾಗಬೇಡಿ. ಅದು ಒಳಗಿನ 3.7 ವೋಲ್ಟ್ ಸೆಲ್ಲಿನ ಲೆಕ್ಕ. 12 ವೋಲ್ಟಿಗೆ ತಂದರೆ ಸುಮಾರು 6 ಆಂಪಿಯರ್-ಗಂಟೆ ಮಾತ್ರ. ಟ್ರ್ಯಾಕ್ಟರಿನ ಬ್ಯಾಟರಿಯಾದರೋ 75, 88, 100ರದು. ಆದ್ದರಿಂದ ಈ ಪೆಟ್ಟಿಗೆ ನಿಮ್ಮ ಬ್ಯಾಟರಿಯನ್ನು ತುಂಬಲಾರದು. ಒಮ್ಮೆ ಇಂಜಿನು ಎಬ್ಬಿಸಿಕೊಟ್ಟರೆ ಅದರ ಕೆಲಸ ಮುಗಿಯಿತು.

ಕ್ಲಿಪ್ಪಿನ ತಂತಿ ದಪ್ಪನಾಗಿರಬೇಕು. ಕೆಂಪು-ಕಪ್ಪು ಅದಲುಬದಲಾದರೆ ತಾನೇ ಕರೆಂಟು ತಡೆಯುವ ರಕ್ಷಣೆ ಇರಲೇಬೇಕು. ಬ್ಯಾಟರಿ ತೀರ ಬರಿದಾದಾಗ ಒತ್ತುವ 'ಬೂಸ್ಟ್' ಗುಂಡಿ ಒತ್ತಿದರೆ ಕೆಲವು ಮಾದರಿಗಳಲ್ಲಿ ಈ ರಕ್ಷಣೆ ನಿಂತುಬಿಡುತ್ತದೆ. ಒತ್ತುವ ಮುನ್ನ ಕ್ಲಿಪ್ಪನ್ನು ಎರಡು ಸಲ ನೋಡಿ.

ಇನ್ನೊಂದು ಮಾತು ಗಟ್ಟಿಯಾಗಿ ಹೇಳಬೇಕಾಗಿದೆ. ಸೆಲ್ಫ್ ಹೊಡೆಯದಿದ್ದಾಗ ಕೆಲವರು ಕೆಳಗೆ ನಿಂತು, ಸ್ಕ್ರೂಡ್ರೈವರಿನಿಂದ ಸೆಲ್ಫ್ ಮೋಟಾರಿನ ಎರಡು ಬೋಲ್ಟು ಮುಟ್ಟಿಸುತ್ತಾರೆ. ಗಾಡಿ ಗೇರಿನಲ್ಲಿದ್ದರೆ ಆ ಕ್ಷಣವೇ ಮುಂದಕ್ಕೆ ನುಗ್ಗುತ್ತದೆ. ನಿಂತವನು ಇರುವುದು ಹಿಂದಿನ ದೊಡ್ಡ ಚಕ್ರದ ಎದುರಿಗೇ. ಹೀಗೆ ಪ್ರಾಣ ಕಳೆದುಕೊಂಡವರಿದ್ದಾರೆ. ನಿಮ್ಮ ಡ್ರೈವರಿಗೂ, ಮನೆಯ ಹುಡುಗರಿಗೂ ಇದನ್ನು ಹೇಳಿ.

ಪೆಟ್ಟಿಗೆ ಹಚ್ಚುವ ಕ್ರಮ ಸುಲಭ. ಕೆಂಪು ಕ್ಲಿಪ್ಪು ಬ್ಯಾಟರಿಯ ಪ್ಲಸ್ಸಿಗೆ. ಕಪ್ಪು ಕ್ಲಿಪ್ಪು ಬ್ಯಾಟರಿಯಿಂದ ದೂರ, ಇಂಜಿನಿನ ಬಣ್ಣವಿಲ್ಲದ ಕಬ್ಬಿಣಕ್ಕೆ. ಬ್ಯಾಟರಿಯಿಂದ ಹೊರಡುವ ಹೈಡ್ರೋಜನ್ ಅನಿಲಕ್ಕೆ ಕಿಡಿ ತಗಲಬಾರದಲ್ಲ! ಬೀಡಿಯೂ ಬೇಡ. ಸೀಟಿನ ಮೇಲೆ ಕೂತು, ನ್ಯೂಟ್ರಲ್ಲಿಗೆ ತಂದು, ಕ್ಲಚ್ಚು ತುಳಿದು ಕೀಲಿ ತಿರುಗಿಸಿ. ಐದು ಸೆಕೆಂಡಿಗೆ ಹಿಡಿಯದಿದ್ದರೆ ಬಿಟ್ಟು, ಒಂದು ನಿಮಿಷ ತಡೆದು ಮತ್ತೆ ನೋಡಿ. ಹಿಡಿದ ಮೇಲೆ ಮೊದಲು ಕಪ್ಪು, ಆಮೇಲೆ ಕೆಂಪು ಬಿಚ್ಚಿ. ದಿನವೂ ಪೆಟ್ಟಿಗೆ ಬೇಕಾಯಿತೆಂದರೆ ದೋಷ ಬೇರೆಡೆ ಇದೆ. ಬ್ಯಾಟರಿಯ ತುದಿಯ ಹಸಿರು ಕಿಲುಬನ್ನೂ ಆಲ್ಟರ್ನೇಟರಿನ ಬೆಲ್ಟನ್ನೂ ನೋಡಿಸಿ.

ಪೆಟ್ಟಿಗೆಯನ್ನು ಬಿಸಿಲಲ್ಲಿ ನಿಂತ ಗಾಡಿಯಲ್ಲಿ ಬಿಡಬೇಡಿ, ಲಿಥಿಯಂ ಕಾವಿಗೆ ಕೆಡುತ್ತದೆ. ಮನೆಯೊಳಗೆ ತಂಪಿನಲ್ಲಿಡಿ. ಮೂರು ಮೂರೂವರೆ ತಿಂಗಳಿಗೊಮ್ಮೆ ಚಾರ್ಜು ಮಾಡಿ. ತಾರೀಖು ಮರೆಯುವವರು ಯುಗಾದಿ, ಕಾರಹುಣ್ಣಿಮೆ, ಆಯುಧಪೂಜೆ, ಸಂಕ್ರಾಂತಿ ಎಂದು ಇಟ್ಟುಕೊಳ್ಳಬಹುದು.